ಅಪ್ಪನ ಎಂಆರ್‌ಐನಲ್ಲಿ ವೈಟ್ ಮ್ಯಾಟರ್ ಬದಲಾವಣೆ, ಜೊತೆಗೆ ಎಂಸಿಐ: ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ದೊಡ್ಡ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಸುಮಾರು ಒಂದು ವರ್ಷದಿಂದ ತುಂಬಾ ನಿಧಾನವಾಗಿದ್ದಾರೆ. ಮರೆವು ಅನ್ನುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ಹೇಳಿದ ವಿಷಯ ನೆನಪಿರುತ್ತದೆ. ಹೆಸರುಗಳು ತಡವಾಗಿಯಾದರೂ ಬಂದೇ ಬರುತ್ತವೆ. ಆದರೆ ಮೊದಲು ಬೇಗ ಮುಗಿಸುತ್ತಿದ್ದ ಲೆಕ್ಕಪತ್ರಕ್ಕೆ ಈಗ ಇಡೀ ಬೆಳಗ್ಗೆ ಹಿಡಿಯುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಳೆ ತಪ್ಪಿಹೋಗುತ್ತದೆ. ಉಳಿದಂತೆ ತಮ್ಮ ಕೆಲಸವೆಲ್ಲ ತಾವೇ ನೋಡಿಕೊಳ್ಳುತ್ತಾರೆ.

ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 23 ಬಂತು. ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಅಂತ ಬರೆದರು. ವಯಸ್ಸಿಗೆ ಸಹಜವಾದ ಮರೆವಿಗಿಂತ ಜಾಸ್ತಿ, ಆದರೆ ಡಿಮೆನ್ಷಿಯಾ ಅಲ್ಲ ಅಂತ ವಿವರಿಸಿದರು. ಎಂಆರ್‌ಐ ರಿಪೋರ್ಟ್‌ನಲ್ಲಿ ‘ಪೆರಿವೆಂಟ್ರಿಕ್ಯುಲರ್ ಮತ್ತು ಡೀಪ್ ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ, ಫಜೆಕಾಸ್ ಗ್ರೇಡ್ 2, ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಅಂತಿದೆ. ಒಬ್ಬ ವೈದ್ಯರು ‘ವಯಸ್ಸಾದವರಿಗೆಲ್ಲ ಇರುತ್ತೆ, ಬಿಡಿ’ ಅಂದರು. ಇನ್ನೊಬ್ಬರು ‘ಸಣ್ಣ ಸಣ್ಣ ಸ್ಟ್ರೋಕ್ ಆಗಿವೆ’ ಅಂದರು. ಈ ಎರಡು ಮಾತಿನ ನಡುವೆ ನಿದ್ದೆ ಹೋಗಿದೆ. ಬಿಪಿ ಬಹಳ ವರ್ಷದಿಂದ ಇದೆ, ಮಾತ್ರೆ ಆಗಾಗ ತಪ್ಪುತ್ತದೆ.

ಹೈಪರ್‌ಇಂಟೆನ್ಸಿಟಿ ಅಂತ ಬರೆದಿರುವ ಆ ಬಿಳಿ ಚುಕ್ಕೆಗಳಿಗೂ ಅಪ್ಪನ ನಿಧಾನಕ್ಕೂ ಸಂಬಂಧ ಇದೆಯೇ? ಇದು ಅಲ್‌ಜೈಮರ್ ಆಗಿಬಿಡುತ್ತದೆಯೇ? ಈಗ ನಾವು ಮಾಡಬಹುದಾದ್ದು ಏನು?

ಸ್ಕ್ಯಾನ್ ಓದುವವ

ನಾನು ರೇಡಿಯಾಲಜಿಸ್ಟ್. ಇಂಥ ರಿಪೋರ್ಟ್ ದಿನಾ ಬರೆಯುತ್ತೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮಿದುಳಿನ ಹೊರಪದರದಲ್ಲಿ ನರಕೋಶಗಳ ದೇಹಗಳಿವೆ. ಅವುಗಳಿಂದ ಹೊರಡುವ ಉದ್ದನೆಯ ಎಳೆಗಳು ಒಳಗೆ ಹಾದು ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುತ್ತವೆ. ಕರೆಂಟ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಈ ಎಳೆಗಳಿಗೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಆ ಕೊಬ್ಬಿನಿಂದಲೇ ಆ ಭಾಗ ಬಿಳಿಯಾಗಿ ಕಾಣುವುದು, ಅದಕ್ಕೇ ವೈಟ್ ಮ್ಯಾಟರ್ ಅನ್ನುತ್ತೇವೆ. ಮಿದುಳಿನ ಗಾತ್ರದಲ್ಲಿ ಸುಮಾರು ಅರ್ಧ ಇದೇ. ಎಳೆಗಳು ಎಷ್ಟು ಉದ್ದ ಅಂದರೆ, 2003ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ಅಧ್ಯಯನದ ಲೆಕ್ಕದಲ್ಲಿ 20ರ ಹರೆಯದ ಗಂಡಸಿನ ಮಿದುಳಿನಲ್ಲಿ ಒಟ್ಟು ಸುಮಾರು 1,76,000 ಕಿಲೋಮೀಟರ್. 80ರ ಹೊತ್ತಿಗೆ ಅದರಲ್ಲಿ ಹತ್ತಿರ ಹತ್ತಿರ 45% ಕಡಿಮೆಯಾಗಿರುತ್ತದೆ. ಅಂದರೆ ವಯಸ್ಸಿನ ಜೊತೆ ವೈಟ್ ಮ್ಯಾಟರ್ ಸವೆಯುವುದು ಎಲ್ಲರಲ್ಲೂ ಇದೆ.

ನಿಮ್ಮ ರಿಪೋರ್ಟ್‌ನ ಹೈಪರ್‌ಇಂಟೆನ್ಸಿಟಿ ಬೇರೆ ವಿಷಯ. ಎಂಆರ್‌ಐನಲ್ಲಿ ಫ್ಲೇರ್ ಅನ್ನುವ ಒಂದು ಚಿತ್ರ ತೆಗೆಯುತ್ತೇವೆ. ಅದರಲ್ಲಿ ಅಂಗಾಂಶದೊಳಗೆ ನೀರಿನಂಶ ಹೆಚ್ಚಾದ ಜಾಗ ಬೆಳ್ಳಗೆ ಹೊಳೆಯುತ್ತದೆ. ಮಯಲಿನ್ ಹೋಗಿರಬಹುದು, ಎಳೆ ತೆಳುವಾಗಿರಬಹುದು, ರಕ್ತನಾಳದ ಗೋಡೆಯಿಂದ ದ್ರವ ಸೋರಿರಬಹುದು. ಕಾರಣ ಯಾವುದೇ ಇದ್ದರೂ ಚಿತ್ರದಲ್ಲಿ ಕಾಣುವುದು ಅದೇ ಬಿಳುಪು.

ಫಜೆಕಾಸ್ ಅಂದರೆ ಆಸ್ಟ್ರಿಯಾದ ಗ್ರಾಜ್‌ನ ಫ್ರಾಂಜ್ ಫಜೆಕಾಸ್ ಮತ್ತು ಸಂಗಡಿಗರು 1987ರಲ್ಲಿ ಕೊಟ್ಟ ಅಳತೆ. 0 ಅಂದರೆ ಏನೂ ಇಲ್ಲ. 1 ಅಂದರೆ ಬಿಡಿ ಚುಕ್ಕೆಗಳು. 2 ಅಂದರೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳಲು ಶುರುವಾಗಿವೆ. 3 ಅಂದರೆ ಪೂರಾ ಕೂಡಿಕೊಂಡು ದೊಡ್ಡ ಪ್ರದೇಶ ಆಗಿದೆ. ಮಿದುಳಿನ ದ್ರವದ ಕೋಣೆಗಳ ಸುತ್ತ ಇರುವುದಕ್ಕೂ ಆಳದಲ್ಲಿ ಇರುವುದಕ್ಕೂ ಬೇರೆ ಬೇರೆ ಅಂಕ ಕೊಡುತ್ತೇವೆ.

‘ವಯಸ್ಸಾದವರಿಗೆಲ್ಲ ಇರುತ್ತೆ’ ಅನ್ನುವ ಮಾತು ಅರ್ಧ ನಿಜ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಂ ಅಧ್ಯಯನದಲ್ಲಿ 60ರಿಂದ 90 ವರ್ಷದ ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದಾಗ, ಒಂದೂ ಚುಕ್ಕೆ ಇಲ್ಲದವರು ಸಿಕ್ಕಿದ್ದು ಬರೀ 5%. ಗ್ರೇಡ್ 1 ನೋಡಿ ನಾನೂ ಗಾಬರಿ ಆಗುವುದಿಲ್ಲ. ಆದರೆ 2 ಮತ್ತು 3 ಇದ್ದರೆ ‘ಬಿಡಿ’ ಅನ್ನಲು ನನಗೆ ಮನಸ್ಸಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ನೋಡಿದಾಗ, ಇಂಥ ಚುಕ್ಕೆ ಇರುವವರಲ್ಲಿ ಸ್ಟ್ರೋಕ್ ಸಾಧ್ಯತೆ ಸುಮಾರು ಮೂರು ಪಟ್ಟು, ಡಿಮೆನ್ಷಿಯಾ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಎಲ್ಲರಲ್ಲೂ ಇದೆ ಅಂದ ಮಾತ್ರಕ್ಕೆ ಅದು ಲೆಕ್ಕಕ್ಕಿಲ್ಲ ಅಂತ ಆಗುವುದಿಲ್ಲ, ಅಲ್ವಾ.

ದೊಡ್ಡ ಮಗಳು

ತುಂಬಾ ಧನ್ಯವಾದ ಸರ್. ಹಾಗಾದರೆ ‘ಸಣ್ಣ ಸ್ಟ್ರೋಕ್’ ಅಂದಿದ್ದು ಸರಿಯೇ? ಅಪ್ಪನಿಗೆ ಕೈಕಾಲು ಸೋತದ್ದು, ಮಾತು ತೊದಲಿದ್ದು ಯಾವತ್ತೂ ಆಗಿಲ್ಲ.

ಸ್ಕ್ಯಾನ್ ಓದುವವ

ನೀವು ಹಾಕಿರುವ ಸಾಲಿನಲ್ಲಿ ಸ್ಟ್ರೋಕ್ ಅಂತ ಇಲ್ಲ. ‘ಇಸ್ಕೀಮಿಕ್ ಚೇಂಜಸ್’ ಅಂದರೆ ಸಣ್ಣ ನಾಳಗಳಲ್ಲಿ ರಕ್ತ ಸಾಲದೆ ಬಹಳ ಕಾಲದಿಂದ ಆದ ಸವೆತ ಅಂತ. ನಿಜವಾದ ಸಣ್ಣ ಸ್ಟ್ರೋಕ್ ಗುರುತು ಬೇರೆ. ಅದನ್ನು ಲಕೂನ್ ಅನ್ನುತ್ತೇವೆ. ಅದು 3ರಿಂದ 15 ಮಿಲಿಮೀಟರ್ ಅಗಲದ, ದ್ರವ ತುಂಬಿದ ಪುಟ್ಟ ಗುಳಿ. ಇವುಗಳನ್ನು ಕಲಸಿ ಬರೆಯಬಾರದು ಅಂತಲೇ 2013ರಲ್ಲಿ ಸ್ಟ್ರೈವ್ ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಬಂತು. 2023ರಲ್ಲಿ ಅದನ್ನು ಪರಿಷ್ಕರಿಸಿದರು.

ನಿಮ್ಮ ವೈದ್ಯರ ಹತ್ತಿರ ಮೂರು ವಿಷಯ ಕೇಳಿ. ಲಕೂನ್ ಇದೆಯೇ? ಎಸ್‌ಡಬ್ಲ್ಯುಐ ಚಿತ್ರದಲ್ಲಿ ಸಣ್ಣ ರಕ್ತಸ್ರಾವದ ಗುರುತು ಇದೆಯೇ? ಹೊಸ ನೆನಪು ಉಳಿಸುವ ಭಾಗವಾದ ಹಿಪ್ಪೊಕ್ಯಾಂಪಸ್ ಕುಗ್ಗಿದೆಯೇ? ಈ ಮೂರಕ್ಕೆ ಉತ್ತರ ಸಿಗದೆ ಬರೀ ಫಜೆಕಾಸ್ ಅಂಕ ಇಟ್ಟುಕೊಂಡು ಚಿಂತೆ ಮಾಡಿ ಪ್ರಯೋಜನವಿಲ್ಲ.

ನಲವತ್ತಾರು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನಗೆ 46, ಮೈಗ್ರೇನ್ ಇದೆ. ತಲೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಕೆಲವು ಬಿಳಿ ಚುಕ್ಕೆ ಬಂದಿವೆ. ಮೇಲಿನದ್ದನ್ನು ಓದಿ ಕೈ ನಡುಗುತ್ತಿದೆ.

ನರವೈದ್ಯೆ

ನಡುಗಬೇಡಿ. ಮೈಗ್ರೇನ್ ಇರುವವರಲ್ಲಿ ಬಿಡಿ ಚುಕ್ಕೆಗಳು ಕಾಣುವುದು ಸಾಮಾನ್ಯ. ಬಿಪಿ, ಶುಗರ್ ನೋಡಿಸಿ, ಸಿಗರೇಟು ಇದ್ದರೆ ಬಿಡಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಸ್ಟ್ರೋಕ್ ಅಥವಾ ಡಿಮೆನ್ಷಿಯಾ ಬಂದವರಿದ್ದರೆ ಮಾತ್ರ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಕ್ಯಾಡಸಿಲ್ ಅನ್ನುವ ಅಪರೂಪದ ಆನುವಂಶಿಕ ಕಾಯಿಲೆ ಇದೆ. ಅದು ನಾಚ್3 ಜೀನ್‌ನಿಂದ ಬರುತ್ತದೆ, ಅದರಲ್ಲಿ ಮೈಗ್ರೇನ್ ಮತ್ತು ವೈಟ್ ಮ್ಯಾಟರ್ ಬದಲಾವಣೆ ಎರಡೂ ಇರಬಹುದು. ಮನೆತನದಲ್ಲಿ ಅಂಥದ್ದು ಇಲ್ಲದಿದ್ದರೆ ಈ ಚರ್ಚೆ ನಿಮ್ಮ ಬಗ್ಗೆ ಅಲ್ಲ.

ಪರೀಕ್ಷೆ ಕೊಠಡಿ

ನಾನು ನೆನಪು, ಗಮನ, ಭಾಷೆಯ ಪರೀಕ್ಷೆ ಮಾಡುವ ಮನಃಶಾಸ್ತ್ರಜ್ಞೆ. ದೊಡ್ಡ ಮಗಳು ಅವರೇ, ನೀವು ‘ಮರೆವು ಅನ್ನಲು ಮನಸ್ಸು ಒಪ್ಪುವುದಿಲ್ಲ’ ಅಂದಿರಿ. ಆ ಗಮನಿಕೆ ಬಹಳ ಮುಖ್ಯ. ಬಹಳಷ್ಟು ಮನೆಗಳಲ್ಲಿ ಇದನ್ನು ಗುರುತಿಸುವುದೇ ಇಲ್ಲ.

ಹೊಸ ವಿಷಯ ಒಳಗೆ ಉಳಿಯದಿರುವುದು ಒಂದು ಬಗೆ. ಒಳಗೆ ಉಳಿದಿದೆ, ಆದರೆ ಹೊರಗೆ ತೆಗೆಯಲು ಹೊತ್ತು ಹಿಡಿಯುತ್ತದೆ ಅನ್ನುವುದು ಇನ್ನೊಂದು ಬಗೆ. ನಾವು ಕೆಲವು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತೇವೆ. ನೆನಪಾಗದಿದ್ದರೆ ಸುಳಿವು ಕೊಡುತ್ತೇವೆ. ‘ಅದೊಂದು ಹೂವು’ ಅಂದ ತಕ್ಷಣ ಹೇಳಿಬಿಟ್ಟರೆ ನೆನಪು ಒಳಗೆ ಇದೆ ಅಂತ ಅರ್ಥ. ನಾಳಗಳಿಂದ ವೈಟ್ ಮ್ಯಾಟರ್ ಕೆಟ್ಟವರಲ್ಲಿ ಇದು ಜಾಸ್ತಿ ಕಾಣುತ್ತದೆ. ಸುಳಿವು ಕೊಟ್ಟರೂ ಬಾರದಿದ್ದರೆ, ‘ನೀವು ಹಾಗೆ ಹೇಳಲೇ ಇಲ್ಲ’ ಅಂದರೆ, ಹಿಪ್ಪೊಕ್ಯಾಂಪಸ್ ಕಡೆಗೆ, ಅಲ್‌ಜೈಮರ್ ಬಗೆಯ ಕಡೆಗೆ ನಮ್ಮ ಅನುಮಾನ ಹೋಗುತ್ತದೆ.

ವೈಟ್ ಮ್ಯಾಟರ್ ತೊಂದರೆಯಲ್ಲಿ ಮೊದಲು ಪೆಟ್ಟು ಬೀಳುವುದು ವೇಗಕ್ಕೆ. ಆಮೇಲೆ ಯೋಜನೆ ಹಾಕುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಎರಡರ ಮೇಲೆ ಒಟ್ಟಿಗೆ ಗಮನ ಇಡುವುದು. ನೀವು ಬರೆದದ್ದು ಹೆಚ್ಚುಕಡಿಮೆ ಇದೇ ಚಿತ್ರ. ಮುಂಭಾಗದ ಮಿದುಳನ್ನು ಒಳಗಿನ ಭಾಗಗಳಿಗೆ ಜೋಡಿಸುವ ಎಳೆಗಳು ಕೋಣೆಗಳ ಸುತ್ತಲೇ ಹಾದುಹೋಗುತ್ತವೆ. ಚುಕ್ಕೆ ಬೀಳುವುದೂ ಅಲ್ಲೇ.

ಮೋಕಾ ಬಗ್ಗೆ ಒಂದು ಮಾತು. ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. 26 ಅಥವಾ ಮೇಲೆ ಬಂದರೆ ಸಹಜ ಅಂತ ಮೂಲದಲ್ಲಿದೆ. ಓದಿದ್ದು 12 ವರ್ಷ ಅಥವಾ ಕಡಿಮೆ ಆದರೆ ಒಂದು ಅಂಕ ಸೇರಿಸಬೇಕು. 23 ಅನ್ನುವ ಮೊತ್ತ ನನಗೆ ಏನೂ ಹೇಳುವುದಿಲ್ಲ. ಆ 7 ಅಂಕ ಎಲ್ಲಿ ಹೋದವು ಅನ್ನುವುದು ಬೇಕು. ಗಡಿಯಾರ, ಗೆರೆ ಜೋಡಿಸುವುದು, 100ರಿಂದ 7 ಕಳೆಯುವುದು, ಇಲ್ಲಿ ಹೋದವೋ? ಕೊನೆಯಲ್ಲಿ ಕೇಳುವ ಐದು ಪದಗಳಲ್ಲಿ ಹೋದವೋ? ಆ ಹಾಳೆಯ ನಕಲು ಕೇಳಿ ಪಡೆಯಿರಿ.

ದೊಡ್ಡ ಮಗಳು

ಹಾಳೆ ನಮ್ಮ ಹತ್ತಿರವೇ ಇದೆ ಮೇಡಂ. ಈಗಷ್ಟೇ ನೋಡಿದೆ. ಗಡಿಯಾರದಲ್ಲಿ ಮುಳ್ಳು ತಪ್ಪಿದೆ. ಗೆರೆ ಜೋಡಿಸುವುದರಲ್ಲಿ ಸೊನ್ನೆ. ಕಳೆಯುವ ಲೆಕ್ಕದಲ್ಲಿ ಎರಡು ಹೋಗಿದೆ. ಐದು ಪದಗಳಲ್ಲಿ ಮೂರು ತಾವೇ ಹೇಳಿದ್ದಾರೆ, ಉಳಿದ ಎರಡು ಸುಳಿವು ಕೊಟ್ಟಾಗ ಬಂದಿವೆ.

ಪರೀಕ್ಷೆ ಕೊಠಡಿ

ಹಾಗಾದರೆ ನಿಮ್ಮ ಗಮನಿಕೆ ಸರಿ. ನೆನಪು ಉಳಿಯುತ್ತಿದೆ. ಇದರ ಮೇಲೇ ರೋಗ ತೀರ್ಮಾನ ಆಗುವುದಿಲ್ಲ. ಆದರೆ ವೈದ್ಯರಿಗೆ ಇದನ್ನು ತೋರಿಸಿ ಮಾತಾಡಿ. ಮನೆಯಲ್ಲಿ ಅವರಿಗೆ ಸಮಯ ಕೊಡಿ. ಪ್ರಶ್ನೆ ಕೇಳಿದ ಮೇಲೆ ನೀವೇ ಉತ್ತರ ಹೇಳಿಬಿಡಬೇಡಿ.

ಜೊತೆಗಾರ

ನನ್ನ ಹೆಂಡತಿಗೆ ಎಂಸಿಐ ಅಂತ ಹೇಳಿ ಎರಡು ವರ್ಷದ ಮೇಲಾಯಿತು. ಅವಳದ್ದು ಬೇರೆ ಬಗೆ. ವೇಗ ಚೆನ್ನಾಗಿದೆ, ನೆನಪು ನಿಲ್ಲುವುದಿಲ್ಲ. ಅವಳ ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆ ತುಂಬಾ ಕಡಿಮೆ, ಗ್ರೇಡ್ 1. ಆದರೂ ಅವಳಲ್ಲಿಯೂ ವೈಟ್ ಮ್ಯಾಟರ್ ಕೆಟ್ಟಿರುತ್ತದೆ, ಡಿಟಿಐ ಅನ್ನುವ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು. ಚುಕ್ಕೆಯೇ ಇಲ್ಲದೆ ಕೆಡುವುದು ಹೇಗೆ? ಮಾಡಿಸಬೇಕೇ?

ನರವೈದ್ಯೆ

ಒಳ್ಳೆಯ ಪ್ರಶ್ನೆ ಸರ್. ಇದು ನನಗೆ ಬಹಳ ಹತ್ತಿರದ ವಿಷಯ.

ವೈಟ್ ಮ್ಯಾಟರ್ ಕೆಡುವುದಕ್ಕೆ ಎರಡು ದಾರಿ ಇವೆ. ಮೊದಲನೆಯದು ನಾಳದ ದಾರಿ. ಮಿದುಳಿನ ಆಳಕ್ಕೆ ರಕ್ತ ಒಯ್ಯುವುದು ಉದ್ದನೆಯ, ಕೂದಲಿನಷ್ಟು ಸಣ್ಣ ನಾಳಗಳು. ಕೋಣೆಗಳ ಸುತ್ತಲಿನ ಜಾಗ ಅವುಗಳ ಕಟ್ಟಕಡೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ನಾಳದ ಗೋಡೆ ದಪ್ಪವಾಗಿ ಗಡಸಾಗುತ್ತದೆ. ಬೇಕಾದಾಗ ಹಿಗ್ಗುವುದಿಲ್ಲ. ಗೋಡೆ ಸೋರುತ್ತದೆ. ಮಯಲಿನ್ ತಯಾರಿಸುವ ಆಲಿಗೊಡೆಂಡ್ರೋಸೈಟ್ ಕೋಶಗಳು ಆಮ್ಲಜನಕದ ಕೊರತೆಯನ್ನು ತಾಳುವುದಿಲ್ಲ, ಅವು ಬೇಗ ಸಾಯುತ್ತವೆ. ದೊಡ್ಡ ಮಗಳು ಅವರ ತಂದೆಯದ್ದು ಹೆಚ್ಚಾಗಿ ಈ ದಾರಿ ಇರಬಹುದು.

ಎರಡನೆಯದು ನರಕೋಶದ ದಾರಿ. ಅಲ್‌ಜೈಮರ್‌ನಲ್ಲಿ ಟೌ ಪ್ರೋಟೀನ್ ಗಂಟುಗಟ್ಟಿ ನರಕೋಶ ಸಾಯುತ್ತದೆ. ಕೋಶ ಸತ್ತ ಮೇಲೆ ಅದರ ಎಳೆಯೂ ಬದುಕುವುದಿಲ್ಲ. ಇಲ್ಲಿ ರಕ್ತದ ಕೊರತೆ ಇಲ್ಲದೆಯೂ ವೈಟ್ ಮ್ಯಾಟರ್ ತೆಳುವಾಗುತ್ತದೆ. ಎಷ್ಟೋ ಸಲ ಫ್ಲೇರ್ ಚಿತ್ರದಲ್ಲಿ ಚುಕ್ಕೆಯೇ ಕಾಣುವುದಿಲ್ಲ. ಜೊತೆಗೆ ಅಲ್‌ಜೈಮರ್‌ನಲ್ಲಿ ಶೇಖರವಾಗುವ ಇನ್ನೊಂದು ಪ್ರೋಟೀನ್ ಅಮಿಲಾಯ್ಡ್ ನಾಳದ ಗೋಡೆಯಲ್ಲೂ ಕೂತುಕೊಳ್ಳಬಹುದು. ಆಗ ಚುಕ್ಕೆಗಳು ಹಿಂಭಾಗದಲ್ಲಿ ಜಾಸ್ತಿ ಇರುತ್ತವೆ. 70 ದಾಟಿದವರಲ್ಲಿ ಎರಡೂ ದಾರಿ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಡಿಟಿಐ ಅಂದರೆ ನೀರಿನ ಅಣುಗಳ ಚಲನೆ ಅಳೆಯುವ ಎಂಆರ್‌ಐ. ಪೀಟರ್ ಬ್ಯಾಸರ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟದ್ದು. ಆರೋಗ್ಯವಾಗಿರುವ ಎಳೆಗಳ ಕಟ್ಟಿನಲ್ಲಿ ನೀರು ಎಳೆಯ ಉದ್ದಕ್ಕೆ ಸುಲಭವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿಯುವುದಿಲ್ಲ. ಇದನ್ನು ಎಫ್‌ಎ ಅನ್ನುವ 0ರಿಂದ 1ರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಎಳೆ ಅಥವಾ ಹೊದಿಕೆ ಹಾಳಾದರೆ ನೀರು ಎಲ್ಲ ಕಡೆಗೂ ಹರಿಯುತ್ತದೆ, ಎಫ್‌ಎ ಇಳಿಯುತ್ತದೆ. ಎಂಸಿಐ ಇರುವವರ ಗುಂಪನ್ನು ಅದೇ ವಯಸ್ಸಿನ ಆರೋಗ್ಯವಂತರ ಗುಂಪಿನ ಜೊತೆ ಹೋಲಿಸಿದಾಗ ಈ ಇಳಿತ ಮತ್ತೆ ಮತ್ತೆ ಕಂಡಿದೆ. ಹಿಪ್ಪೊಕ್ಯಾಂಪಸ್‌ನಿಂದ ಹೊರಡುವ ಫಾರ್ನಿಕ್ಸ್, ಸಿಂಗ್ಯುಲಮ್, ಮುಂಭಾಗವನ್ನು ಕಿವಿಯ ಪಕ್ಕದ ಟೆಂಪೊರಲ್ ಭಾಗಕ್ಕೆ ಜೋಡಿಸುವ ಅನ್‌ಸಿನೇಟ್, ಎಡಬಲ ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್‌ನ ಹಿಂಭಾಗ, ಇವುಗಳಲ್ಲಿ. ನೆನಪಿನ ದಾರಿಯೇ ಇವು. ಚುಕ್ಕೆ ಇಲ್ಲದ, ನೋಡಲು ಸಹಜವಾಗಿ ಕಾಣುವ ಜಾಗದಲ್ಲೂ ಬದಲಾವಣೆ ಸಿಗುತ್ತದೆ. ಕಣ್ಣಿಗೆ ಬೀಳುವ ಬಿಳಿ ಚುಕ್ಕೆ ಇಡೀ ತೊಂದರೆಯ ಒಂದು ಭಾಗ ಅಷ್ಟೇ ಅಂತ ನಮಗೆ ತಿಳಿದದ್ದು ಹೀಗೆ.

ಇಷ್ಟೆಲ್ಲ ಹೇಳಿ, ನಿಮ್ಮ ಮನೆಯವರಿಗೆ ಡಿಟಿಐ ಬೇಡ ಅಂತಲೇ ಹೇಳುತ್ತೇನೆ. ಗುಂಪುಗಳ ನಡುವೆ ವ್ಯತ್ಯಾಸ ಸಿಗುತ್ತದೆ ನಿಜ. ಒಬ್ಬ ವ್ಯಕ್ತಿಯ ಎಫ್‌ಎ ನೋಡಿ ಇವರಿಗೆ ಹೀಗಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಒಂದು ಯಂತ್ರದ ಸಂಖ್ಯೆ ಇನ್ನೊಂದು ಯಂತ್ರಕ್ಕೆ ತಾಳೆಯಾಗುವುದಿಲ್ಲ. ಸಂಶೋಧನೆಗೆ ಅದು ಬಹಳ ಬೆಲೆಯುಳ್ಳದ್ದು. ನಿಮ್ಮ ಹೆಂಡತಿಯ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ.

ಜೊತೆಗಾರ

ಮನಸ್ಸು ಹಗುರಾಯಿತು ಮೇಡಂ. ಇನ್ನೊಂದು ಸ್ಕ್ಯಾನ್‌ಗೆ ಅವಳನ್ನು ಒಪ್ಪಿಸುವುದೇ ದೊಡ್ಡ ಚಿಂತೆಯಾಗಿತ್ತು.

ರಾತ್ರಿ ಪಾಳಿ ನರ್ಸ್

ಬಿಪಿ ವಿಷಯಕ್ಕೆ ಬರೋಣ. ವಯಸ್ಸಾದವರಿಗೆ ಮೇಲಿನ ಬಿಪಿ 150 ಇದ್ದರೂ ಪರವಾಗಿಲ್ಲ, ಮಿದುಳಿಗೆ ರಕ್ತ ಹೋಗಬೇಕಲ್ಲ ಅಂತ ಅನೇಕರು ಹೇಳುವುದನ್ನು ಕೇಳಿದ್ದೇನೆ. ಇದು ಸರಿಯೇ?

ನರವೈದ್ಯೆ

ಇದಕ್ಕೆ ಈಗ ಉತ್ತರ ಇದೆ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 50 ದಾಟಿದ 9,361 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಬಿಪಿ 120ರ ಒಳಗೆ, ಇನ್ನೊಂದಕ್ಕೆ 140ರ ಒಳಗೆ ಅಂತ ಗುರಿ. ಇದರ ಮಿದುಳಿನ ಭಾಗದ ಫಲಿತಾಂಶ 2019ರಲ್ಲಿ ಬಂತು. 120ರ ಗುಂಪಿನಲ್ಲಿ ಹೊಸದಾಗಿ ಎಂಸಿಐ ಆಗುವುದು 19% ಕಡಿಮೆ ಇತ್ತು. ಡಿಮೆನ್ಷಿಯಾ ಕೂಡ ಸ್ವಲ್ಪ ಕಡಿಮೆ ಕಂಡಿತು, ಆದರೆ ಅದು ಖಚಿತ ಅನ್ನುವಷ್ಟು ಇರಲಿಲ್ಲ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ಕು ವರ್ಷದಲ್ಲಿ ಬಿಳಿ ಚುಕ್ಕೆಗಳ ಗಾತ್ರ 120ರ ಗುಂಪಿನಲ್ಲಿ 0.92 ಘನ ಸೆಂಟಿಮೀಟರ್ ಬೆಳೆಯಿತು, 140ರ ಗುಂಪಿನಲ್ಲಿ 1.45. ಅಂದರೆ ಬಿಪಿ ಹಿಡಿತದಲ್ಲಿಟ್ಟರೆ ಚುಕ್ಕೆ ಬೆಳೆಯುವ ವೇಗ ಇಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಕೈಯಲ್ಲಿರುವ ಅತಿ ಗಟ್ಟಿ ಪುರಾವೆ ಇದೇ.

ರಾತ್ರಿ ಪಾಳಿ ನರ್ಸ್

ಒಪ್ಪಿದೆ ಮೇಡಂ. ಆದರೂ ಇದನ್ನು ಓದಿ ಯಾರೂ ಮನೆಯಲ್ಲೇ ಮಾತ್ರೆ ಜಾಸ್ತಿ ಮಾಡಬಾರದು. ಬಿಪಿ ಹಠಾತ್ತನೆ ಇಳಿದು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನೋಡಿಕೊಂಡಿದ್ದೇನೆ. ಅದಾದ ಮೇಲೆ ಮನಸ್ಸಿನ ಚುರುಕೂ ಬೇಗ ಇಳಿಯುತ್ತದೆ. ಕೂತಾಗ ಒಮ್ಮೆ, ಎದ್ದು ನಿಂತು ಒಂದೆರಡು ನಿಮಿಷಕ್ಕೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಸಂಖ್ಯೆ 20 ಅಥವಾ ಜಾಸ್ತಿ ಇಳಿದರೆ ವೈದ್ಯರಿಗೆ ಹೇಳಲೇಬೇಕು.

ನರವೈದ್ಯೆ

ನೂರಕ್ಕೆ ನೂರು ನಿಜ. ಇನ್ನೂ ಎರಡು ಎಚ್ಚರಿಕೆ ಸೇರಿಸುತ್ತೇನೆ. ಸ್ಪ್ರಿಂಟ್‌ನಲ್ಲಿ ಶುಗರ್ ಇರುವವರನ್ನೂ ಮೊದಲೇ ಸ್ಟ್ರೋಕ್ ಆದವರನ್ನೂ ಸೇರಿಸಿರಲಿಲ್ಲ. ಮತ್ತೆ, 120ರ ಗುಂಪಿನಲ್ಲಿ ಮಿದುಳಿನ ಒಟ್ಟು ಗಾತ್ರ ಸ್ವಲ್ಪ ಜಾಸ್ತಿಯೇ ಕುಗ್ಗಿತ್ತು, 30.6 ಘನ ಸೆಂಟಿಮೀಟರ್. ಇನ್ನೊಂದು ಗುಂಪಿನಲ್ಲಿ 26.9. ಆದ್ದರಿಂದ ಗುರಿ ಎಷ್ಟು ಅನ್ನುವುದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು. ದೊಡ್ಡ ಮಗಳು ಅವರ ಮನೆಯಲ್ಲಿ ಮೊದಲ ಕೆಲಸ 120 ಅಲ್ಲ. ತಪ್ಪುತ್ತಿರುವ ಮಾತ್ರೆ ದಿನಾ ತಪ್ಪದೆ ಹೊಟ್ಟೆಗೆ ಸೇರುವುದು.

ದೊಡ್ಡ ಮಗಳು

ಅಪ್ಪನಿಗೆ ಒಬ್ಬ ನೆಂಟರು ಆಸ್ಪಿರಿನ್ ಶುರು ಮಾಡಿ ಅಂತಿದ್ದಾರೆ. ಇನ್ನೊಬ್ಬರು ಗಿಂಕ್ಗೊ ಅನ್ನುವ ಗಿಡಮೂಲಿಕೆ ಮಾತ್ರೆ ತಂದು ಕೊಟ್ಟಿದ್ದಾರೆ. ಮರೆವಿಗೆ ಬರೆಯುವ ಡೊನೆಪೆಜಿಲ್ ಯಾಕೆ ಕೊಟ್ಟಿಲ್ಲ ಅಂತಲೂ ಕೇಳುತ್ತಾರೆ.

ನರವೈದ್ಯೆ

ಆಸ್ಪಿರಿನ್ ನಿಮ್ಮಷ್ಟಕ್ಕೆ ಶುರು ಮಾಡಬೇಡಿ. ಹೃದಯಾಘಾತ ಅಥವಾ ಸ್ಟ್ರೋಕ್ ಆದವರಿಗೆ ಅದು ಬೇಕು. ಬರೀ ಸ್ಕ್ಯಾನ್‌ನಲ್ಲಿ ಚುಕ್ಕೆ ಕಂಡವರಿಗೆ ಬೇಡ ಅಂತ ಯುರೋಪಿನ ಸ್ಟ್ರೋಕ್ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲೇ ಇದೆ. 2018ರಲ್ಲಿ ಬಂದ ಆಸ್ಪ್ರಿ ಪ್ರಯೋಗದಲ್ಲಿ 19,114 ಆರೋಗ್ಯವಂತ ಹಿರಿಯರಿದ್ದರು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್‌ನಿಂದ ಡಿಮೆನ್ಷಿಯಾ ಕಡಿಮೆ ಆಗಲಿಲ್ಲ, ರಕ್ತಸ್ರಾವ ಜಾಸ್ತಿ ಆಯಿತು.

ಗಿಂಕ್ಗೊ ಮೇಲೆ 3,069 ಜನರ ದೊಡ್ಡ ಪ್ರಯೋಗ 2008ರಲ್ಲಿ ಮುಗಿಯಿತು. ಡಿಮೆನ್ಷಿಯಾ ತಡೆಯಲಿಲ್ಲ. ಡೊನೆಪೆಜಿಲ್ ಅನ್ನು ಎಂಸಿಐ ಇರುವ 769 ಜನರಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಮೊದಲ ವರ್ಷ ಸ್ವಲ್ಪ ತಡೆದಂತೆ ಕಂಡಿತು, ಮೂರು ವರ್ಷದ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ನಿಮ್ಮ ವೈದ್ಯರು ಬರೆಯದಿದ್ದುದು ಸರಿಯೇ.

ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿದೆ. ಅದು ಅಲ್‌ಜೈಮರ್‌ನಿಂದಲೇ ಆದ ಎಂಸಿಐ ಅಥವಾ ಆರಂಭದ ಹಂತದ ಡಿಮೆನ್ಷಿಯಾಕ್ಕೆ ಮಾತ್ರ, ಅಮಿಲಾಯ್ಡ್ ಇದೆ ಅಂತ ಪರೀಕ್ಷೆಯಲ್ಲಿ ಸಾಬೀತಾಗಬೇಕು. ಮಿದುಳಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ನಾಲ್ಕಕ್ಕಿಂತ ಹೆಚ್ಚು ಸೂಕ್ಷ್ಮ ರಕ್ತಸ್ರಾವದ ಗುರುತು ಇದ್ದವರಿಗೆ, ವೈಟ್ ಮ್ಯಾಟರ್ ತೀರಾ ಕೆಟ್ಟವರಿಗೆ ಅದನ್ನು ಕೊಡುವುದಿಲ್ಲ. ಇಲ್ಲೂ ನೋಡಿ, ಚುಕ್ಕೆಗಳ ಲೆಕ್ಕ ಬಂತು.

ಮಾತ್ರೆಗಿಂತ ಮೊದಲು ಇವನ್ನು ನೋಡಿಸಿ: ಬಿ12, ಥೈರಾಯ್ಡ್, ಶುಗರ್, ಕಿವಿ ಕೇಳುವುದು, ಮನಸ್ಸು ಕುಗ್ಗಿರುವುದು. ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೇ ಗಮನಿಸಿ. ಅಲರ್ಜಿ, ನಿದ್ದೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳು ಹಿರಿಯರ ಮನಸ್ಸನ್ನು ಮಂಕಾಗಿಸುತ್ತವೆ. ಅಪ್ಪ ತೆಗೆದುಕೊಳ್ಳುವ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ನಿವೃತ್ತ ಮೇಷ್ಟ್ರು

ಇಷ್ಟು ಹೊತ್ತು ಎಲ್ಲರೂ ನಮ್ಮ ಬಗ್ಗೆ ಮಾತಾಡಿದ್ದೀರಿ. ನಾನೇ ಅಂಥವನು. 71 ವರ್ಷ. ಎಂಸಿಐ, ಫಜೆಕಾಸ್ 2. ಇದನ್ನು ನಾನೇ ಬರೆಯುತ್ತಿದ್ದೇನೆ. ಹೊತ್ತು ಹಿಡಿಯುತ್ತದೆ, ಆದರೆ ಆಗುತ್ತದೆ.

ಮಗಳೇ, ನಿನ್ನ ಅಪ್ಪನ ಪರವಾಗಿ ಕೆಲವು ಮಾತು. ನಾನು ಮಾತಾಡುತ್ತಿರುವಾಗ ಪದ ಸಿಗದೆ ನಿಂತರೆ ಮನೆಯವರು ಪದ ಕೊಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಅವರು ಕೊಟ್ಟದ್ದು ನಾನು ಹುಡುಕುತ್ತಿದ್ದ ಪದ ಆಗಿರುವುದಿಲ್ಲ. ಆಗ ನನ್ನ ಮಾತು ಅವರ ಮಾತಾಗಿ ಮುಗಿಯುತ್ತದೆ. ನಾನು ಸುಮ್ನೆ ಆಗುತ್ತೇನೆ. ಸುಮ್ನೆ ಆದದ್ದನ್ನು ನೋಡಿ ‘ಪಾಪ, ಮರೆತುಹೋಯ್ತು’ ಅನ್ನುತ್ತಾರೆ. ಮರೆತಿರುವುದಿಲ್ಲ.

ಒಂದು ಸಲಕ್ಕೆ ಒಂದೇ ವಿಷಯ ಹೇಳಿದರೆ ಎಲ್ಲ ಹಿಡಿಯುತ್ತದೆ. ಟಿವಿ ಹಾಕಿಕೊಂಡು ಹೇಳಿದರೆ ಹಿಡಿಯುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಹಿಂದೆ ಸಾಲು ಇದ್ದರೆ ಕೈ ಓಡುವುದಿಲ್ಲ, ಜನ ಕಡಿಮೆ ಇರುವ ಹೊತ್ತಿಗೆ ಹೋದರೆ ತಪ್ಪಿಲ್ಲದೆ ಮಾಡಿ ಬರುತ್ತೇನೆ. ಕೆಲಸ ಕಿತ್ತುಕೊಳ್ಳಬೇಡಿ. ಹೊತ್ತು ಕೊಡಿ.

ರಿಪೋರ್ಟ್ ನನ್ನಿಂದ ಮುಚ್ಚಿಟ್ಟಿದ್ದರು. ಗೊತ್ತಾದಾಗ ಕಾಯಿಲೆಗಿಂತ ಅದೇ ಜಾಸ್ತಿ ನೋವು ಕೊಟ್ಟಿತು. ಹೇಳಿಬಿಡು ಮಗಳೇ. ಅವರ ಮಿದುಳು, ಅವರ ರಿಪೋರ್ಟ್.

ದೊಡ್ಡ ಮಗಳು

ಮೇಷ್ಟ್ರೇ, ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ರಿಪೋರ್ಟ್ ನಮ್ಮಲ್ಲೂ ಅಪ್ಪನಿಗೆ ತೋರಿಸಿಲ್ಲ. ಈ ವಾರ ಕೂತು ಹೇಳುತ್ತೇನೆ. ಅವರು ಮೊದಲು ಕೇಳುವುದೇ ‘ಇದು ವಾಸಿ ಆಗುತ್ತಾ’ ಅಂತ. ಏನು ಹೇಳಲಿ?

ಸ್ಕ್ಯಾನ್ ಓದುವವ

ಸ್ಕ್ಯಾನ್ ಕಡೆಯಿಂದ ನಾನು ಹೇಳುತ್ತೇನೆ. ದೊಡ್ಡದಾಗಿ ಕೂಡಿಕೊಂಡ ಚುಕ್ಕೆಗಳು ಮಾಯವಾಗುತ್ತವೆ ಅಂತ ಭರವಸೆ ಕೊಡಲಾಗದು. ಆದರೆ ಕೆಲವರಲ್ಲಿ ಚುಕ್ಕೆಗಳ ಗಾತ್ರ ಇಳಿದಿರುವುದು ದಾಖಲಾಗಿದೆ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ವರ್ಷಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ಇದು ಕಂಡಿತು. ಚುಕ್ಕೆಯಲ್ಲಿ ಒಂದು ಪಾಲು ಸತ್ತ ಅಂಗಾಂಶ ಅಲ್ಲ, ದ್ರವ ಅನ್ನುವುದು ಇದಕ್ಕೆ ಒಂದು ವಿವರಣೆ. ಮೊದಲೇ ಚುಕ್ಕೆ ಜಾಸ್ತಿ ಇದ್ದವರಲ್ಲಿ ಬೆಳವಣಿಗೆಯೂ ವೇಗ. ಅದಕ್ಕೇ ಗ್ರೇಡ್ 2ರಲ್ಲಿ ಹಿಡಿತ ಸಿಕ್ಕರೆ ಒಳ್ಳೆಯದು ಅಂತ ನಾನು ಒತ್ತಿ ಹೇಳುವುದು.

ಪರೀಕ್ಷೆ ಕೊಠಡಿ

ಎಂಸಿಐ ಇರುವವರೆಲ್ಲ ಡಿಮೆನ್ಷಿಯಾಕ್ಕೆ ಹೋಗುವುದಿಲ್ಲ ಅಂತಲೂ ಹೇಳಿ. ಅಮೆರಿಕದ ನ್ಯೂರಾಲಜಿ ಅಕಾಡೆಮಿ 2018ರಲ್ಲಿ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಎಂಸಿಐ ಇರುವ 65 ದಾಟಿದವರಲ್ಲಿ ಎರಡು ವರ್ಷದಲ್ಲಿ ಡಿಮೆನ್ಷಿಯಾ ಆದವರು 14.9%. ಕೆಲವರು ಹಾಗೇ ಉಳಿಯುತ್ತಾರೆ, ಕೆಲವರ ಅಂಕಗಳು ಸಹಜಕ್ಕೆ ಮರಳುತ್ತವೆ. ಅದೇ ಮಾರ್ಗಸೂಚಿಯಲ್ಲಿ ವಾರಕ್ಕೆ ಎರಡು ಸಲವಾದರೂ ವ್ಯಾಯಾಮ ಮಾಡಿ ಅಂತ ಹೇಳಿದ್ದಾರೆ.

ವ್ಯಾಯಾಮದಿಂದ ವೈಟ್ ಮ್ಯಾಟರ್‌ಗೆ ಉಪಯೋಗ ಇದೆಯೇ ಅನ್ನುವುದಕ್ಕೆ ಒಂದು ಆಸೆ ಹುಟ್ಟಿಸುವ ಅಧ್ಯಯನ 2017ರಲ್ಲಿ ಬಂತು. 60ರಿಂದ 79 ವರ್ಷದ ಆರೋಗ್ಯವಂತರು ಆರು ತಿಂಗಳು ಗುಂಪಿನಲ್ಲಿ ಕುಣಿಯಲು ಕಲಿತಾಗ ಫಾರ್ನಿಕ್ಸ್‌ನ ಎಫ್‌ಎ ಏರಿತ್ತು. ಅದು ಎಂಸಿಐ ಇರುವವರ ಮೇಲೆ ಮಾಡಿದ್ದಲ್ಲ. ಹಾಗಾಗಿ ಕುಣಿದರೆ ವಾಸಿ ಅಂತ ನಾನು ಹೇಳಲಾರೆ. ಆದರೆ ಮೈ, ಮನಸ್ಸು, ಜನರ ಸಂಗ ಮೂರೂ ಒಟ್ಟಿಗೆ ಸಿಗುವ ಚಟುವಟಿಕೆ ಅಪ್ಪನಿಗೆ ಇಷ್ಟವಾದದ್ದು ಯಾವುದು ಅಂತ ಅವರನ್ನೇ ಕೇಳಿ.

ರಾತ್ರಿ ಪಾಳಿ ನರ್ಸ್

ಅವರ ನಡಿಗೆಯನ್ನೂ ಗಮನಿಸಿ. ಹೆಜ್ಜೆ ಸಣ್ಣದಾಗಿದೆಯೇ, ಕಾಲು ಅಗಲ ಇಟ್ಟು ನಡೆಯುತ್ತಾರೆಯೇ, ನಡೆಯುವಾಗ ಮಾತಾಡಿಸಿದರೆ ನಿಂತುಬಿಡುತ್ತಾರೆಯೇ? ಮೂತ್ರಕ್ಕೆ ಅವಸರ ಆಗುತ್ತದೆಯೇ? ಇವೆಲ್ಲ ವಯಸ್ಸಿನದ್ದು ಅಂತ ಮನೆಯಲ್ಲಿ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಅದೇ ವೈಟ್ ಮ್ಯಾಟರ್ ಕಾರಣ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದಾರಿಯಲ್ಲಿ ಸಣ್ಣ ದೀಪ, ಜಾರುವ ಚಾಪೆ ತೆಗೆಯುವುದು, ಇವನ್ನು ಬೀಳುವ ಮೊದಲೇ ಮಾಡಿ.

ದೊಡ್ಡ ಮಗಳು

ನಡೆಯುವಾಗ ಮಾತಾಡಿಸಿದರೆ ನಿಲ್ಲುತ್ತಾರೆ. ಹೌದು. ಅದನ್ನು ನಾನು ಇದಕ್ಕೆ ಜೋಡಿಸಿಯೇ ಇರಲಿಲ್ಲ. ಕೊನೆಯದಾಗಿ ಒಂದು: ಮತ್ತೆ ಎಂಆರ್‌ಐ ಯಾವಾಗ ಮಾಡಿಸಬೇಕು? ಪ್ರತಿ ವರ್ಷ ಬೇಕೇ?

ನರವೈದ್ಯೆ

ಬೇಡ. ಒಂದು ವರ್ಷದಲ್ಲಿ ಚುಕ್ಕೆ ಬೆಳೆಯುವುದು ತುಂಬಾ ಸ್ವಲ್ಪ, ಅದನ್ನು ನೋಡಿ ಚಿಕಿತ್ಸೆ ಬದಲಿಸುವುದಿಲ್ಲ. ಅದರ ಬದಲು ಆರು ತಿಂಗಳಿಂದ ಒಂದು ವರ್ಷದೊಳಗೆ ನೆನಪು, ಗಮನದ ಪರೀಕ್ಷೆ ಮತ್ತೆ ಮಾಡಿಸಿ. ಹಣದ ವ್ಯವಹಾರ, ಮಾತ್ರೆ, ಗಾಡಿ ಓಡಿಸುವುದು, ಒಬ್ಬರೇ ಹೊರಗೆ ಹೋಗಿ ಬರುವುದು ಹೇಗಿದೆ ಅಂತ ಒಂದು ಪುಸ್ತಕದಲ್ಲಿ ಆಗಾಗ ಬರೆದಿಡಿ. ವೈದ್ಯರಿಗೆ ಅದು ಇನ್ನೊಂದು ಸ್ಕ್ಯಾನ್‌ಗಿಂತ ಹೆಚ್ಚು ಉಪಯೋಗ. ಹಿಂದಿನ ಎಂಆರ್‌ಐ ಸಿಡಿ ಮಾತ್ರ ಜೋಪಾನವಾಗಿಡಿ, ಬರೀ ರಿಪೋರ್ಟ್ ಹಾಳೆ ಸಾಲದು.

ಇದಕ್ಕೆ ಅಪವಾದ ಒಂದೇ. ಹಠಾತ್ತನೆ ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಒಂದೇ ದಿನದಲ್ಲಿ ಗೊಂದಲ ಶುರುವಾದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ. ಎಷ್ಟು ಗಂಟೆಗೆ ಶುರುವಾಯಿತು ಅಂತ ಗುರುತು ಮಾಡಿಕೊಂಡು ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಮೊದಲ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಧ್ಯ.